ಭರತ–ಇಳಿತ ನೋಡಿ ಹೊರಡಿ: ಹುಬ್ಬಳ್ಳಿ ಕಡೆಯವರಿಗೆ ಹೊನ್ನಾವರದ ಅಳಿವೆ, ಕಾಂಡ್ಲಾ ಕಾಡು, ಕಡಲಂಚಿನ ಪ್ರವಾಸ

ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಕಡೆಯವರು ಕಡಲಿಗೆ ಹೊರಡುವುದು ರಜೆ ನೋಡಿ. ಶನಿವಾರ–ಭಾನುವಾರದ ಜೊತೆ ಒಂದು ಹಬ್ಬ ಕೂಡಿತೆಂದರೆ ಗಾಡಿ ಸಿದ್ಧ. ಹೋಟೆಲ್ ಸಿಗುತ್ತದೆಯೇ, ಘಟ್ಟದ ರಸ್ತೆ ಹೇಗಿದೆ ಎಂದು ವಿಚಾರಿಸುತ್ತಾರೆ. ಆ ದಿನ ಕಡಲ ನೀರು ಯಾವಾಗ ಏರುತ್ತದೆ (ಭರತ), ಯಾವಾಗ ಇಳಿಯುತ್ತದೆ (ಇಳಿತ) ಎಂದು ಮಾತ್ರ ನೂರರಲ್ಲಿ ಒಬ್ಬರೂ ನೋಡುವುದಿಲ್ಲ. ಆದರೆ ಹಕ್ಕಿ ಕಾಣುವುದು, ಏಡಿ ಕಾಣುವುದು, ದೋಣಿ ಸಾಗುವುದು, ಸ್ನಾನಕ್ಕೆ ಇಳಿಯುವುದು ಎಲ್ಲವೂ ನಿಂತಿರುವುದು ಅದರ ಮೇಲೆ. ಇಳಿತದಲ್ಲಿ ಸಾವಿರ ಏಡಿ ಓಡಾಡುವ ಕೆಸರುಬಯಲು ಆರು ತಾಸಿನ ನಂತರ ಬರೀ ನೀರು. ಆ ಹೊತ್ತಿಗೆ ಹೋದವರು ‘ಏನೂ ಇಲ್ಲ’ ಎಂದು ತಿರುಗಿ ಬರುತ್ತಾರೆ.

ಈ ಬರಹ ಹೊನ್ನಾವರವನ್ನು ನಡುವಿಟ್ಟುಕೊಂಡ ಎರಡು ದಿನದ ಪ್ರವಾಸಕ್ಕೆ. ಹೊನ್ನಾವರ ಯಾಕೆಂದರೆ ಇಲ್ಲಿ ಎಲ್ಲವೂ ಹತ್ತಿರ ಹತ್ತಿರ ಇವೆ. ಶರಾವತಿ ಕಡಲು ಸೇರುವ ಅಳಿವೆ ಇದೆ, ಸೇತುವೆ ದಾಟಿದರೆ ಕಾಸರಕೋಡಿನ ಕಡಲತೀರ ಇದೆ, ಅಲ್ಲೇ ಕಾಂಡ್ಲಾ ಕಾಡಿನೊಳಗೆ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು) ಹಲಗೆಯ ನಡೆದಾರಿ ಇದೆ. ಕೆಲವೇ ಕಿಲೋಮೀಟರ್ ದಕ್ಷಿಣಕ್ಕೆ ಅಪ್ಸರಕೊಂಡದ ಗುಡ್ಡ. ಕಾಸರಕೋಡು ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು, ಸ್ವಚ್ಛ ಮತ್ತು ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು ಅದು. ಆ ವರ್ಷ ದೇಶದಲ್ಲಿ ಅದನ್ನು ಪಡೆದ 8 ತೀರಗಳಲ್ಲಿ ಕರ್ನಾಟಕದವು ಎರಡು: ಇದು ಮತ್ತು ಪಡುಬಿದ್ರಿ. ಉತ್ತರಕ್ಕೆ ಕುಮಟಾ ಹತ್ತಿರದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಅದೇ ಹೊತ್ತಿಗೆ ಸೇರಿದ್ದು.

ಮೊದಲು ನೀರಿನ ಲೆಕ್ಕ

ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ತಾಸು 25 ನಿಮಿಷ. ಹಾಗಾಗಿ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇದರಿಂದ ಬಹಳ ಉಪಯೋಗದ ಒಂದು ಲೆಕ್ಕ ಸಿಗುತ್ತದೆ. ಏಳು ದಿನಕ್ಕೆ 350 ನಿಮಿಷ, ಅಂದರೆ ಹತ್ತಿರ ಹತ್ತಿರ ಆರು ತಾಸು. ಈ ಭಾನುವಾರ ಮುಂಜಾನೆ 8ಕ್ಕೆ ಇಳಿತ ಇದ್ದರೆ, ಮುಂದಿನ ಭಾನುವಾರ ಅದೇ ಹೊತ್ತಿಗೆ ಭರತ. ಅದರ ಮುಂದಿನ ಭಾನುವಾರ ಮತ್ತೆ ಇಳಿತ. ಒಂದು ವಾರ ಬಿಟ್ಟು ಒಂದು ವಾರ ಅನುಕೂಲ ಎಂದು ನೆನಪಿಟ್ಟರೆ ಅರ್ಧ ಕೆಲಸ ಮುಗಿಯಿತು.

ಅಮಾವಾಸ್ಯೆ, ಹುಣ್ಣಿಮೆಗೆ ಮತ್ತು ಅದರ ಮುಂದಿನ ಒಂದೆರಡು ದಿನಕ್ಕೆ ಏರಿಳಿತ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ಸಣ್ಣದು. ಕಾರವಾರ–ಹೊನ್ನಾವರ ಭಾಗದಲ್ಲಿ ಜೋರು ದಿನಗಳಲ್ಲೂ ವ್ಯತ್ಯಾಸ ಹೆಚ್ಚೆಂದರೆ 2 ಮೀಟರಿನ ಆಸುಪಾಸು. ಕೇಳಲು ಇದು ಸಣ್ಣ ಅಂಕಿ. ಆದರೆ ಅಳಿವೆಯ ನೆಲ ತಟ್ಟೆಯ ಹಾಗೆ ಸಪಾಟು ಇರುವುದರಿಂದ ಆ 2 ಮೀಟರ್ ನೀರು ಇಳಿದಾಗ ನೂರಾರು ಮೀಟರ್ ಅಗಲದ ಕೆಸರು ತೆರೆದುಕೊಳ್ಳುತ್ತದೆ. ಇನ್ನೊಂದು ಮಾತು: ದಿನದ ಎರಡು ಇಳಿತ ಒಂದೇ ಮಟ್ಟದವಲ್ಲ. ಒಂದು ಚೆನ್ನಾಗಿ ಕೆಳಗೆ ಹೋದರೆ ಇನ್ನೊಂದು ಅರ್ಧಕ್ಕೇ ನಿಲ್ಲುವುದುಂಟು. ಆದ್ದರಿಂದ ವೇಳೆಯ ಜೊತೆ ಎತ್ತರದ ಅಂಕಿಯನ್ನೂ ನೋಡಬೇಕು.

ವೇಳಾಪಟ್ಟಿಗೆ ಹೈದರಾಬಾದಿನ ಇನ್‌ಕಾಯ್ಸ್ (INCOIS, ಕಡಲಿನ ಮಾಹಿತಿ ಕೊಡುವ ಕೇಂದ್ರ ಸರಕಾರದ ಸಂಸ್ಥೆ) ಜಾಲತಾಣ ನೋಡಿ. ಕಡಲು ಒರಟಾಗುವ ದಿನಗಳ ಮುನ್ಸೂಚನೆಯೂ ಅಲ್ಲೇ ಸಿಗುತ್ತದೆ. ಮೊಬೈಲ್ ಆ್ಯಪ್‌ಗಳಲ್ಲಿ ಹತ್ತಿರದ ಬಂದರು ಕಾರವಾರ ಎಂದು ಆರಿಸಿಕೊಳ್ಳಿ. ಆ ವೇಳೆ ತೆರೆದ ಕಡಲಿನದು. ನದಿಯ ಒಳಗೆ ಹೋದಷ್ಟೂ ನೀರು ತಡವಾಗಿ ಏರುತ್ತದೆ, ತಡವಾಗಿ ಇಳಿಯುತ್ತದೆ. ಕಾಂಡ್ಲಾ ಕಾಡಿಗೆ ಪಟ್ಟಿಯ ವೇಳೆಗೆ ಸರಿಯಾಗಿ ಹೋಗಿ ‘ಇನ್ನೂ ನೀರಿದೆಯಲ್ಲ’ ಎಂದು ವಾಪಸ್ ಬರುವವರು ಅರ್ಧ ತಾಸು ಕಾದರೆ ಸಾಕಿತ್ತು.

ನಮ್ಮ ಸಲಹೆ: ಭಾನುವಾರ ಮುಂಜಾನೆ 8ರಿಂದ 9ರ ನಡುವೆ ಇಳಿತ ಬರುವ ವಾರ ಆರಿಸಿ. ಆಗ ಶನಿವಾರ ಮಧ್ಯಾಹ್ನ 1.30–2ಕ್ಕೆ ಭರತ ಬರುತ್ತದೆ. ಶನಿವಾರ ಮಧ್ಯಾಹ್ನ ತುಂಬಿದ ನೀರಿನಲ್ಲಿ ದೋಣಿ, ಸಂಜೆ ಕಡಲತೀರ. ಭಾನುವಾರ ನಸುಕಿನಲ್ಲಿ ಇಳಿಯುವ ನೀರಿನ ಜೊತೆ ಕಾಂಡ್ಲಾ ಕಾಡು, ಆಮೇಲೆ ಏರುವ ನೀರಿನ ಜೊತೆ ಹಕ್ಕಿ. ಊಟ ಮುಗಿಸಿ 2 ಗಂಟೆಗೆ ಹೊರಟರೆ ಕತ್ತಲಾಗುವ ಮೊದಲು ಘಟ್ಟ ಹಿಂದೆ ಬಿದ್ದಿರುತ್ತದೆ.

ತಿಂಗಳು ಮತ್ತು ದಾರಿ

ನವೆಂಬರಿನಿಂದ ಫೆಬ್ರುವರಿ ಕೊನೆಯವರೆಗೆ ಸಕಾಲ. ಉತ್ತರದ ವಲಸೆ ಹಕ್ಕಿಗಳು ಅಷ್ಟು ಹೊತ್ತಿಗೆ ಬಂದು ನೆಲೆಸಿರುತ್ತವೆ, ಕಡಲು ಶಾಂತ ಇರುತ್ತದೆ. ಮಾರ್ಚ್ ನಂತರ ಸೆಕೆ ತಡೆಯಲಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯುವ ಮಾತೇ ಬೇಡ. ಮಳೆಗಾಲದಲ್ಲಿ ಘಟ್ಟ, ಗುಡ್ಡದಂಚಿನ ಹೆದ್ದಾರಿ ಎರಡೂ ಅಪಾಯದ್ದೇ: 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಜೀವ ಕಳೆದುಕೊಂಡದ್ದು ಎಲ್ಲರಿಗೂ ಗೊತ್ತು.

ಹುಬ್ಬಳ್ಳಿಯಿಂದ ದಾರಿ ಎರಡು. ಒಂದು, ಕಲಘಟಗಿ–ಯಲ್ಲಾಪುರ–ಅರಬೈಲ್ ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಕುಮಟಾ, ಹೊನ್ನಾವರ. ಸುಮಾರು 190 ಕಿ.ಮೀ. ಧಾರವಾಡದವರು ಹುಬ್ಬಳ್ಳಿಗೆ ಬರಬೇಕಿಲ್ಲ, ನೇರ ಕಲಘಟಗಿಗೆ ಬಂದು ಕೂಡಿಕೊಳ್ಳಬಹುದು. ಇನ್ನೊಂದು, ತಡಸ–ಮುಂಡಗೋಡ–ಶಿರಸಿ–ದೇವಿಮನೆ ಘಟ್ಟ–ಕುಮಟಾ. ಇದು ತುಸು ಹತ್ತಿರ. ಹಾವೇರಿಯವರಿಗೆ ಹಾನಗಲ್ಲ ಮೇಲೆ ಶಿರಸಿ ಸೇರುವ ಇದೇ ದಾರಿ ಸರಿ. ಗದಗದವರು ಹುಬ್ಬಳ್ಳಿಗೆ ಬರುವ ಒಂದು ತಾಸು ಹೆಚ್ಚಿಗೆ ಹಿಡಿಯಬೇಕು. ದೇವಿಮನೆಯಲ್ಲಿ ರಸ್ತೆ ಕಾಮಗಾರಿಗೆಂದು ಸಂಚಾರ ನಿಲ್ಲಿಸುವುದುಂಟು, ಹೊರಡುವ ಹಿಂದಿನ ದಿನ ವಿಚಾರಿಸಿ. ಅರಬೈಲ್‌ನಲ್ಲಿ ಭಾರದ ಲಾರಿಗಳು ಸಾಲುಗಟ್ಟುತ್ತವೆ. ಒಂದು ಲಾರಿ ಕೆಟ್ಟು ನಿಂತರೆ ಎರಡು ತಾಸು ಹೋಯಿತು. ಆದ್ದರಿಂದ ನಸುಕಿನ 5ಕ್ಕೆ ಹೊರಟು 8ರೊಳಗೆ ಘಟ್ಟ ಇಳಿಯುವುದು ಜಾಣತನ. ಚಳಿಗಾಲದಲ್ಲಿ ಯಲ್ಲಾಪುರದ ಸುತ್ತ ಮಂಜು ಕವಿದಿರುತ್ತದೆ, ಕಾಡುಪ್ರಾಣಿ ರಸ್ತೆಗೆ ಬರುತ್ತವೆ, ವೇಗ ಬೇಡ.

ಬಯಲುಸೀಮೆಯಲ್ಲಿ ಗಾಡಿ ಓಡಿಸಿ ರೂಢಿ ಇರುವವರು ಘಟ್ಟದಲ್ಲಿ ಮಾಡುವ ತಪ್ಪು ಒಂದೇ: ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿ ಹಿಡಿಯುವುದು. ಬ್ರೇಕ್ ಕಾದು ಹಿಡಿತ ಸಡಿಲವಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯಲಿ, ಬ್ರೇಕ್ ಅನ್ನು ತಿರುವಿನ ಮೊದಲು ಮಾತ್ರ ಬಿಟ್ಟು ಬಿಟ್ಟು ಒತ್ತಿ. ವಾಸನೆ ಬಂದರೆ ಅಗಲ ಇರುವಲ್ಲಿ ನಿಲ್ಲಿಸಿ 20 ನಿಮಿಷ ಆರಲು ಬಿಡಿ, ನೀರು ಸುರಿಯಬೇಡಿ. ಮಕ್ಕಳಿಗೆ ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ, ಖಾಲಿ ಹೊಟ್ಟೆಯೂ ಬೇಡ. ಒಂದು ಇಡ್ಲಿ, ಒಂದು ಬಾಳೆಹಣ್ಣು ಸಾಕು.

ಬಸ್ಸಿನಲ್ಲಿ ಬರುವವರಿಗೆ ಗೋಕುಲ ರಸ್ತೆಯ ಹೊಸ ಬಸ್ ನಿಲ್ದಾಣದಿಂದ ವಾಯವ್ಯ ಸಾರಿಗೆಯ ಬಸ್ಸು ಇವೆ. ನೇರ ಬಸ್ಸು ಸಿಗದಿದ್ದರೆ ಶಿರಸಿ ಅಥವಾ ಅಂಕೋಲಾದಲ್ಲಿ ಬದಲಿಸಿ ಕುಮಟಾ, ಅಲ್ಲಿಂದ ಹೊನ್ನಾವರ. ಹೊನ್ನಾವರದಿಂದ ಕಾಸರಕೋಡಿಗೆ ಆಟೋ ಹತ್ತಿದರೆ ಆಯಿತು.

ಕಟ್ಟಿಕೊಳ್ಳಬೇಕಾದ್ದು

ಹುಬ್ಬಳ್ಳಿ ಕಡಲಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿನ ಒಣ ಹವೆಗೆ ಬೆವರು ಆರುತ್ತದೆ, ಕಡಲಂಚಿನ ತೇವದ ಹವೆಯಲ್ಲಿ ಆರುವುದಿಲ್ಲ. ದೇಹ ತಂಪಾಗದೆ ಇನ್ನಷ್ಟು ಬೆವರುತ್ತದೆ. ಬಾಯಾರಿಕೆ ಆಗುವ ಮುಂಚೆಯೇ ಕುಡಿಯುತ್ತಿರಬೇಕು: ಹೊರಗಿರುವ ದಿನಕ್ಕೆ ತಲೆಗೆ 3 ಲೀಟರ್ ನೀರು, ನಾಲ್ವರಿಗೆ ನಾಲ್ಕಾರು ಓಆರ್‌ಎಸ್ ಪುಡಿ ಪೊಟ್ಟಣ. ತಿಳಿ ಬಣ್ಣದ, ತೋಳು ಮುಚ್ಚುವ ಹತ್ತಿಯ ಅಂಗಿ, ಅಂಚಿರುವ ಟೊಪ್ಪಿಗೆ. ಸಂಜೆಗೆ ಸೊಳ್ಳೆ ಮುಲಾಮು, ಕಾಂಡ್ಲಾ ಕಾಡಿನ ಅಂಚಿನಲ್ಲಿ ಅದಿಲ್ಲದೆ ನಿಲ್ಲಲಾಗದು.

ಕಾಲಿಗೆ ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ. ಹವಾಯಿ ಚಪ್ಪಲಿ ಕೆಸರಿನಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತದೆ. ಬರಿಗಾಲು ಇನ್ನೂ ಕೆಟ್ಟದ್ದು: ಬಂಡೆಗೆ ಅಂಟಿದ ಚಿಪ್ಪುಗಳ ಅಂಚು ಬ್ಲೇಡಿನಷ್ಟು ಹರಿತ, ಅಳಿವೆಯ ಕೊಳಕು ನೀರಿನಲ್ಲಾದ ಗಾಯ ಬೇಗ ಕೀವಾಗುತ್ತದೆ. ಗಾಯವಾದರೆ ಕುಡಿಯುವ ನೀರು, ಸೋಪಿನಿಂದ ಚೆನ್ನಾಗಿ ತೊಳೆದು, ಚಿಪ್ಪಿನ ಚೂರು ಉಳಿದಿದೆಯೇ ನೋಡಿ, ಆಮೇಲೆ ಮುಲಾಮು ಹಚ್ಚಿ.

ಬುತ್ತಿಯ ವಿಷಯ. ಖಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಒಯ್ದರೆ ಕರಾವಳಿಯ ತೇವಕ್ಕೆ ಸಂಜೆಯೊಳಗೆ ಮೆತ್ತಗಾಗಿ ಚರ್ಮದಂತೆ ಎಳೆಯುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ತಿನ್ನುವಾಗ ಮಾತ್ರ ತೆಗೆಯಿರಿ. ಶೇಂಗಾ ಚಟ್ನಿ, ಅಗಸಿ ಚಟ್ನಿಗೆ ಒಣ ಚಮಚ. ಮೊಸರನ್ನ ಕಟ್ಟಿದರೆ ಮಧ್ಯಾಹ್ನದೊಳಗೆ ಮುಗಿಸಿ, ಸಂಜೆಗೆ ಹುಳಿಯಾಗುತ್ತದೆ. ಚುರುಮುರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತೀರಕ್ಕೆ ಒಯ್ಯಬೇಡಿ. ಗಾಳಿಗೆ ಹಾರಿದ ಚೀಲ ನೀರಿನಲ್ಲಿ ತೇಲುವಾಗ ಆಮೆಯ ಕಣ್ಣಿಗೆ ಅಂಬಲಿಮೀನಿನಂತೆ (ಜೆಲ್ಲಿಫಿಶ್) ಕಾಣುತ್ತದೆ. ಅದು ನುಂಗುತ್ತದೆ, ಕರುಳು ಕಟ್ಟಿ ಸಾಯುತ್ತದೆ.

ದುರ್ಬೀನು ಇದ್ದರೆ 8×42 (8 ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಗಾಜಿನದು) ಒಳ್ಳೆಯ ಅಳತೆ. 10 ಪಟ್ಟಿಗಿಂತ ಹೆಚ್ಚಿನದರಲ್ಲಿ ಕೈಯ ನಡುಕಕ್ಕೆ ನೋಟ ಅದುರುತ್ತದೆ, ದೋಣಿಯಲ್ಲಂತೂ ಉಪಯೋಗವೇ ಇಲ್ಲ. ಎಸಿ ಕಾರಿನಿಂದ ಇಳಿದೊಡನೆ ಗಾಜಿನ ಮೇಲೆ ಮಂಜು ಕಟ್ಟುತ್ತದೆ, ಒರೆಸಿದರೂ ಮತ್ತೆ ಕಟ್ಟುತ್ತದೆ. ಹತ್ತು ಕಿಲೋಮೀಟರ್ ಮೊದಲೇ ಎಸಿ ಆರಿಸಿ ಕಿಟಕಿ ತೆರೆದರೆ ಆ ತೊಂದರೆ ಇಲ್ಲ. ದುರ್ಬೀನು ಹಿಡಿದು ರೂಢಿ ಇಲ್ಲದವರು ಅದಕ್ಕೂ ಮೊದಲು ಒಂದು ಮುಂಜಾನೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ ಬರಲಿ. ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳು ದೊಡ್ಡ ಹಕ್ಕಿ, ಗುಂಪಾಗಿ ಇರುತ್ತವೆ, ಕಣ್ಣು ಪಳಗಿಸಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ನಮ್ಮ ಕಡೆ ಇಲ್ಲ. ಶಿರಸಿ ದಾರಿಯಲ್ಲಿ ಬರುವವರಿಗೆ ಮುಂಡಗೋಡದ ಹತ್ತಿರ ಅತ್ತಿವೇರಿ ಪಕ್ಷಿಧಾಮವೂ ಇದೆ.

ಕಾಂಡ್ಲಾ ಕಾಡಿನಲ್ಲಿ

ಹಲಗೆಯ ದಾರಿಗೆ ಇಳಿತಕ್ಕಿಂತ ಒಂದೂವರೆ ತಾಸು ಮೊದಲು ಬನ್ನಿ. ನೀರು ಸರಿಯುತ್ತಾ ಹೋದಂತೆ ಕೆಸರು ತೆರೆದುಕೊಳ್ಳುವುದನ್ನು ನೋಡುತ್ತಾ ನಡೆಯಬಹುದು. ಹೆಚ್ಚಿನವರು ಹತ್ತು ನಿಮಿಷದಲ್ಲಿ ಆ ತುದಿಗೆ ಹೋಗಿ ಫೋಟೋ ತೆಗೆದು ಹಿಂದಿರುಗುತ್ತಾರೆ. ಹಲಗೆ ಧಡಧಡ ಸದ್ದು ಮಾಡಿದರೆ ಅದರ ಅದುರು ಕೆಸರಿಗೆ ತಲುಪಿ ಏಡಿಗಳೆಲ್ಲ ಬಿಲ ಸೇರುತ್ತವೆ. ಮೆಲ್ಲಗೆ ನಡೆದು, ಒಂದು ಕಡೆ ಐದು ನಿಮಿಷ ಅಲುಗಾಡದೆ ನಿಲ್ಲಿ. ಮೊದಲು ಒಂದು, ಆಮೇಲೆ ಹತ್ತು, ಆಮೇಲೆ ನೆಲವೇ ಚಲಿಸಿದಂತೆ ಏಡಿಗಳು ಹೊರಬರುತ್ತವೆ. ಒಂದು ಕೊಂಡಿ ಮಾತ್ರ ಮೈಯಷ್ಟು ದೊಡ್ಡದಿರುವುದು ಫಿಡ್ಲರ್ ಏಡಿಯ ಗಂಡು. ಅದನ್ನು ಬೀಸಿ ಹೆಣ್ಣನ್ನು ಕರೆಯುತ್ತದೆ, ಎದುರಾಳಿ ಗಂಡನ್ನು ದೂರ ಇಡುತ್ತದೆ. ಕೆಸರಿನ ಮೇಲೆ ಕುಪ್ಪಳಿಸುವ ಉಬ್ಬುಗಣ್ಣಿನ ಮೀನು ಮಡ್‌ಸ್ಕಿಪ್ಪರ್. ಮೈ ಒದ್ದೆ ಇರುವಷ್ಟು ಹೊತ್ತು ಅದು ನೀರಿನ ಹೊರಗೆ ಉಸಿರಾಡಬಲ್ಲದು.

ಗಿಡಗಳನ್ನು ಬೇರಿನಿಂದ ಗುರುತಿಸಿ, ಅದೇ ಸುಲಭ. ಕಾಂಡದಿಂದ ಊರುಗೋಲಿನಂತೆ ಬಾಗಿ ಬಂದ ಬೇರು ರೈಜೋಫೊರಾ ಜಾತಿಯದು. ಕೆಸರಿನಿಂದ ಪೆನ್ಸಿಲ್ ಚುಚ್ಚಿಟ್ಟಂತೆ ಮೇಲಕ್ಕೆ ನಿಂತ ಬೇರು ಅವಿಸೆನಿಯಾದ್ದು. ಕೆಸರಿನಲ್ಲಿ ಗಾಳಿ ಇಲ್ಲ, ಅದಕ್ಕೇ ಬೇರು ಮೇಲೆ ಬಂದು ಉಸಿರಾಡುತ್ತದೆ. ಅವಿಸೆನಿಯಾದ ಎಲೆಯ ಮೇಲೆ ಉಪ್ಪಿನ ಹರಳು ಕಣ್ಣಿಗೆ ಕಾಣುತ್ತದೆ, ಬೇಡದ ಉಪ್ಪನ್ನು ಅದು ಹೀಗೆ ಹೊರಹಾಕುತ್ತದೆ. ರೈಜೋಫೊರಾದ ಕೊಂಬೆಯಲ್ಲಿ ನುಗ್ಗೆಕಾಯಿಯಂತೆ ಜೋತಾಡುವುದು ಕಾಯಲ್ಲ, ಮರದ ಮೇಲೇ ಮೊಳೆತ ಸಸಿ. ಅದನ್ನು ಕಿತ್ತು ಕೆಸರಿಗೆ ಎಸೆಯುವ ಆಟ ಬೇಡ, ಹೊತ್ತು ಬಂದಾಗ ತಾನೇ ಬೀಳುತ್ತದೆ. ಯಾವ ಎಲೆಯನ್ನೂ ಮುರಿಯಬೇಡಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ: ಇಲ್ಲಿ ಬೆಳೆಯುವ ಒಂದು ಜಾತಿಯ ಹಾಲು ಕಣ್ಣಿಗೆ ತಾಗಿದರೆ ಉರಿ ತಡೆಯಲಾಗದು, ದೃಷ್ಟಿ ಕೆಲ ಹೊತ್ತು ಹೋಗಲೂಬಹುದು. ತಾಗಿದರೆ ಕಾಲು ತಾಸು ಶುದ್ಧ ನೀರು ಹಾಯಿಸಿ, ವೈದ್ಯರಲ್ಲಿಗೆ ಹೋಗಿ.

ಹಲಗೆ ಬಿಟ್ಟು ಕೆಸರಿಗೆ ಇಳಿಯಬೇಡಿ. ಮೊಣಕಾಲಿನವರೆಗೆ ಹೂತರೆ ಎಳೆದಷ್ಟೂ ಬಿಗಿಯಾಗುತ್ತದೆ. ಹೂತವರು ಹಿಂದಕ್ಕೆ ಒರಗಿ ಭಾರ ಹರಡಿ, ಒಂದೊಂದೇ ಕಾಲನ್ನು ನಿಧಾನ ಅಲುಗಿಸುತ್ತಾ ತೆಗೆಯಬೇಕು. ಅಷ್ಟರಲ್ಲಿ ಭರತ ಶುರುವಾಗಿದ್ದರೆ ಅದು ಆಟದ ಮಾತಲ್ಲ.

ಅಘನಾಶಿನಿ ಕಡೆ ಹೋದವರಿಗೆ ಇಳಿತದಲ್ಲಿ ಸೊಂಟಮಟ್ಟ ನೀರಿನಲ್ಲಿ ಜನ ಬಗ್ಗಿ ಕೆಲಸ ಮಾಡುವುದು ಕಾಣುತ್ತದೆ. ಅವರು ಆರಿಸುವುದು ಬೆಳಚು, ಅಂದರೆ ಚಿಪ್ಪುಮೀನು. ಎಷ್ಟೋ ಮನೆಗಳ ದಿನದ ದುಡಿಮೆ ಅದು. ಆ ಜಾಗದಲ್ಲಿ ತುಳಿದಾಡುವುದು, ಚೀಲ ತುಂಬ ಬಾಚಿಕೊಳ್ಳುವುದು ನಮ್ಮ ಹೊಲಕ್ಕೆ ಯಾರೋ ನುಗ್ಗಿ ಶೇಂಗಾ ಕಿತ್ತುಕೊಂಡು ಹೋದಂತೆ. ದಂಡೆಯ ಗಜನಿ ಭೂಮಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಜೋಳ, ಹತ್ತಿ ಬೆಳೆಯುವ ರೈತರು ನಿಂತು ಮಾತಾಡಿಸಿ ತಿಳಿಯಬೇಕಾದ ಬೆಳೆ.

ಹಕ್ಕಿಗಳು ನಿಮ್ಮ ಹತ್ತಿರ ಬರುವ ಹೊತ್ತು

ಪೂರ್ತಿ ಇಳಿತದಲ್ಲಿ ಹಕ್ಕಿಗಳು ಕೆಸರಿನ ದೂರದ ಅಂಚಿನಲ್ಲಿ ಚುಕ್ಕಿಗಳಂತೆ ಇರುತ್ತವೆ. ಅವುಗಳ ಹಿಂದೆ ನಡೆಯುವುದು ವ್ಯರ್ಥ. ನೀರು ಏರತೊಡಗಿದ ಮೇಲೆ ದಡದಲ್ಲಿ ಒಂದೆಡೆ ಕೂತುಬಿಡಿ, ನೀರೇ ಅವನ್ನು ನಿಮ್ಮ ಕಡೆಗೆ ತಳ್ಳಿ ತರುತ್ತದೆ. ಭರತಕ್ಕೆ ಎರಡು ತಾಸು ಇರುವಾಗ ನೋಟ ಉತ್ತಮ. ಬೆಳಕು ಬೆನ್ನ ಹಿಂದೆ ಇರಲಿ. ಕಡಲು ಪಶ್ಚಿಮಕ್ಕಿರುವುದರಿಂದ ತೀರದಲ್ಲಿ ಮುಂಜಾನೆಯ ಬೆಳಕು ಸರಿ. ಸಂಜೆ ಎಲ್ಲ ಹಕ್ಕಿಯೂ ಕಪ್ಪು ನೆರಳು.

ಮೊದಲು ತಿನ್ನುವ ರೀತಿ ನೋಡಿ, ಬಣ್ಣ ಆಮೇಲೆ. ಓಡಿ, ಥಟ್ಟನೆ ನಿಂತು, ಒಮ್ಮೆ ಕುಕ್ಕಿ ಮತ್ತೆ ಓಡುವ ಗಿಡ್ಡ ಕೊಕ್ಕಿನವು ಪ್ಲೋವರ್ ಜಾತಿ, ಅವು ಕಣ್ಣಿಂದ ಬೇಟೆಯಾಡುತ್ತವೆ. ತಲೆ ಬಗ್ಗಿಸಿ ಸತತ ಚುಚ್ಚುತ್ತಾ ಹೋಗುವವು ಗೊರವಗಳು, ಅವು ಕೊಕ್ಕಿನ ತುದಿಯ ಸ್ಪರ್ಶದಿಂದ ಹುಳು ಹುಡುಕುತ್ತವೆ. ಕೆಳಕ್ಕೆ ಬಾಗಿದ ಬಲು ಉದ್ದ ಕೊಕ್ಕಿನ ದೊಡ್ಡ ಹಕ್ಕಿ ಕರ್ಲ್ಯೂ. ಮರಳದಿಣ್ಣೆಯ ಮೇಲೆ ಗಾಳಿಗೆ ಮುಖ ಮಾಡಿ ಗುಂಪಾಗಿ ಕೂತವು ಗಲ್‌ಗಳು (ಕಡಲಕ್ಕಿ) ಮತ್ತು ರೀವಗಳು: ಚೂಪು ರೆಕ್ಕೆ, ತಲೆಯ ಮೇಲೆ ಕಪ್ಪು, ನೀರಿಗೆ ನೇರ ಧುಮುಕುವುದು ರೀವ. ಮೇಲೆ ನೋಡಿದರೆ ಕಂದು ಮೈ, ಬಿಳಿ ತಲೆಯ ಗರುಡ ಇದ್ದೇ ಇರುತ್ತದೆ. ರೆಕ್ಕೆಗಳನ್ನು ತುಸು ಮೇಲೆತ್ತಿ ತೇಲುವ ಬಿಳಿ ಹೊಟ್ಟೆಯ ಕಡಲ ಹದ್ದು ಅದಕ್ಕಿಂತ ಬಹಳ ದೊಡ್ಡದು.

ಗುಂಪಿನ ಹಕ್ಕಿಗಳು ತಿನ್ನುವುದು ಬಿಟ್ಟು ಒಟ್ಟಿಗೆ ತಲೆ ಎತ್ತಿದರೆ ನೀವು ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ. ಹಿಂದೆ ಸರಿಯಿರಿ. ಹಾರುವ ಫೋಟೋಕ್ಕೆಂದು ಚಪ್ಪಾಳೆ ತಟ್ಟಿ ಎಬ್ಬಿಸುವವರು ಇದ್ದಾರೆ. ಸಾವಿರಾರು ಕಿಲೋಮೀಟರ್ ವಾಪಸ್ ಹಾರಲು ಕೂಡಿಸಿಕೊಳ್ಳುತ್ತಿರುವ ಕೊಬ್ಬನ್ನು ಅವರು ಒಂದು ಚಿತ್ರಕ್ಕಾಗಿ ಕರಗಿಸುತ್ತಾರೆ. ಇದನ್ನು ಕಂಡಲ್ಲಿ ತಡೆಯಬೇಕು.

ನೀರಿಗೆ ಇಳಿಯುವ ಮುನ್ನ

ಕೆರೆ, ಬಾವಿ, ಮಲಪ್ರಭಾ ಕಾಲುವೆಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಕಡಲಿನಲ್ಲಿ ಅಪಾಯ ಹೆಚ್ಚು, ಕಡಿಮೆಯಲ್ಲ. ಈಜು ಗೊತ್ತಿಲ್ಲದವನು ಮೊಣಕಾಲು ನೀರಿನಲ್ಲಿ ನಿಲ್ಲುತ್ತಾನೆ, ಗೊತ್ತಿರುವವನು ಎದೆಮಟ್ಟಕ್ಕೆ ಹೋಗುತ್ತಾನೆ. ಅಲ್ಲಿ ಕಾಯುವುದು ಸೆಳವು. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲು ಒಂದು ಕಿರಿದಾದ ಓಣಿ ಮಾಡಿಕೊಳ್ಳುತ್ತದೆ. ಆ ಓಣಿಯಲ್ಲಿ ನೀರು ಒಳ್ಳೆಯ ಈಜುಗಾರನಿಗಿಂತ ವೇಗವಾಗಿ ಕಡಲಿನ ಒಳಕ್ಕೆ ಓಡುತ್ತದೆ. ದಡದಿಂದ ನೋಡಿದರೆ ಅದು ಗುರುತಾಗುತ್ತದೆ: ಎರಡೂ ಬದಿಗೆ ಬಿಳಿ ನೊರೆಯ ಅಲೆ ಒಡೆಯುತ್ತಿರುವಾಗ ನಡುವೆ ಅಲೆ ಒಡೆಯದ, ಗಾಢ ಬಣ್ಣದ, ‘ಶಾಂತ’ ಜಾಗ. ನೊರೆ, ಕಸ, ಮಣ್ಣಿನ ಬಣ್ಣ ಅಲ್ಲಿಂದ ಒಳಗೆ ಸಾಗುತ್ತಿರುತ್ತದೆ. ಮಕ್ಕಳನ್ನು ಆಡಿಸಲು ಹೆಚ್ಚಿನವರು ಆರಿಸಿಕೊಳ್ಳುವುದು ಇದೇ ಶಾಂತ ಜಾಗವನ್ನು. ನೀರಿಗಿಳಿಯುವ ಮೊದಲು ಎತ್ತರದಲ್ಲಿ ನಿಂತು ಹತ್ತು ನಿಮಿಷ ಅಲೆ ನೋಡುವುದು ಇದಕ್ಕಾಗಿ.

ಸೆಳವಿಗೆ ಸಿಕ್ಕವರು ದಡದ ಕಡೆ ನೇರ ಈಜಬಾರದು. ಸಾಯುವವರು ಮುಳುಗಿ ಸಾಯುವುದಕ್ಕಿಂತ ದಣಿದು ಸಾಯುತ್ತಾರೆ. ಮಲಗಿ ತೇಲಿ, ಉಸಿರು ಹಿಡಿತಕ್ಕೆ ತಂದುಕೊಳ್ಳಿ, ಒಂದು ಕೈ ಎತ್ತಿ ಬೀಸಿ. ಬಲವಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ. ಓಣಿಯ ಅಗಲ ಸಾಮಾನ್ಯವಾಗಿ ಕೆಲವೇ ಹತ್ತು ಮೀಟರ್, ಅದರ ಹೊರಗೆ ಬಂದ ಮೇಲೆ ಅಲೆಗಳೇ ದಡಕ್ಕೆ ತರುತ್ತವೆ. ದಡದಲ್ಲಿರುವವರು ಹಿಂದೆ ಧುಮುಕಬಾರದು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋಗುವುದು ಹೀಗೆಯೇ. ತೇಲುವ ಏನನ್ನಾದರೂ ಎಸೆಯಿರಿ: ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್ ಒಬ್ಬರನ್ನು ತೇಲಿಸಬಲ್ಲದು. ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ.

ಕೆಂಪು–ಹಳದಿ ಬಾವುಟದ ನಡುವೆ ಜೀವರಕ್ಷಕರ ಕಣ್ಗಾವಲು ಇರುತ್ತದೆ, ಅಲ್ಲಿ ಮಾತ್ರ ಇಳಿಯಿರಿ. ಕೆಂಪು ಬಾವುಟ ಇದ್ದರೆ ಪಾದವೂ ಬೇಡ. ಅಳಿವೆಯ ಬಾಯಲ್ಲಿ ಯಾವ ಹೊತ್ತಿನಲ್ಲೂ ಸ್ನಾನ ಬೇಡ: ಇಳಿತದ ನೀರಿಗೆ ಶರಾವತಿಯ ಹರಿವೂ ಕೂಡಿ ಎಳೆತ ದುಪ್ಪಟ್ಟಾಗುತ್ತದೆ. ಮದ್ಯ ಕುಡಿದವರನ್ನು ನೀರಿನ ಹತ್ತಿರ ಬಿಡಬೇಡಿ. ಸೀರೆ, ಜೀನ್ಸ್ ಒದ್ದೆಯಾದರೆ ಕಾಲಿಗೆ ಸುತ್ತಿ ಎಳೆಯುತ್ತವೆ. ಮಕ್ಕಳು ಕೈ ಚಾಚಿದರೆ ಸಿಗುವ ದೂರದಲ್ಲಿರಲಿ, ಒಂದು ಮಗುವಿಗೆ ಒಬ್ಬ ದೊಡ್ಡವರು ಎಂದು ಹೆಸರು ಹೇಳಿ ಹಂಚಿಕೊಳ್ಳಿ. ‘ಎಲ್ಲರೂ ನೋಡ್ತಾರ’ ಅಂದಲ್ಲಿ ಯಾರೂ ನೋಡುವುದಿಲ್ಲ.

ಆಳವಿಲ್ಲದ ನೀರಿನಲ್ಲಿ ಕಾಲೆತ್ತಿ ಇಡದೆ ಎಳೆಯುತ್ತಾ ನಡೆಯಿರಿ, ಮರಳಲ್ಲಿ ಹುದುಗಿದ ತೊರಕೆ ಮೀನು ಅದುರು ತಿಳಿದು ಸರಿದುಹೋಗುತ್ತದೆ. ಅದು ಬಾಲದ ಮುಳ್ಳಿನಿಂದ ಚುಚ್ಚಿದರೆ, ಕೈ ತಾಳುವಷ್ಟು ಬಿಸಿ ನೀರಿನಲ್ಲಿ ಗಾಯ ಮುಳುಗಿಸಿಟ್ಟು ಆಸ್ಪತ್ರೆಗೆ ಹೋಗಿ. ಅಂಬಲಿಮೀನು ತಾಗಿ ಉರಿದರೆ ಕಡಲ ನೀರಿನಿಂದಲೇ ತೊಳೆಯಿರಿ, ಅಂಟಿದ ಎಳೆಗಳನ್ನು ಚಿಮುಟದಿಂದ ತೆಗೆಯಿರಿ, ಆಮೇಲೆ ಬಿಸಿ ನೀರು. ಸಿಹಿನೀರು ಹಾಕಿದರೆ, ಮರಳಿನಿಂದ ಉಜ್ಜಿದರೆ ಉಳಿದ ವಿಷಕೋಶಗಳೂ ಸಿಡಿಯುತ್ತವೆ. ದಡಕ್ಕೆ ಬಿದ್ದ ಚಪ್ಪಟೆ ಬಾಲದ ಕಡಲ ಹಾವನ್ನು ಸತ್ತಿದೆ ಎಂದು ಮುಟ್ಟಬೇಡಿ. ನಮ್ಮ ಆಸ್ಪತ್ರೆಗಳಲ್ಲಿರುವ ಹಾವಿನ ಔಷಧ ನೆಲದ ನಾಲ್ಕು ಹಾವುಗಳಿಗಾಗಿ ಮಾಡಿದ್ದು, ಕಡಲ ಹಾವಿಗಲ್ಲ.

ಆಮೆ, ಡಾಲ್ಫಿನ್

ಹೊನ್ನಾವರದ ಮರಳದಂಡೆಗಳಿಗೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು 45ರಿಂದ 60 ದಿನ. ಮರಿ ಬೆಳಕಿರುವ ಕಡೆ ಹೋಗುತ್ತದೆ. ಕತ್ತಲಲ್ಲಿ ಕಡಲ ಅಂಚೇ ಹೆಚ್ಚು ಬೆಳಕು, ಆದರೆ ಕಾರಿನ ದೀಪ, ಮೊಬೈಲ್ ಟಾರ್ಚ್ ಇದ್ದರೆ ಅದು ದಾರಿ ತಪ್ಪಿ ರಸ್ತೆಗೆ ಬಂದು ಸಾಯುತ್ತದೆ. ರಾತ್ರಿ ತೀರದಲ್ಲಿ ಬೆಂಕಿ, ಬಿಳಿ ದೀಪ ಬೇಡ. ಮರಳಿನ ಮೇಲೆ ಗಾಡಿ ಓಡಿಸಬೇಡಿ: ಗೂಡು ಜಜ್ಜಿ ಹೋಗುತ್ತದೆ, ಗಾಲಿಯ ಗುರುತಿನ ಕಾಲುವೆಯಲ್ಲಿ ಮರಿ ಸಿಕ್ಕಿಕೊಳ್ಳುತ್ತದೆ. ಬೇಲಿ ಹಾಕಿದ ಗೂಡು ಕಂಡರೆ ದೂರದಿಂದ ನೋಡಿ. ಮರಿಯನ್ನು ಎತ್ತಿ ನೀರಿಗೆ ಬಿಡುವ ಉಪಕಾರವೂ ಬೇಡ, ತಾನೇ ತೆವಳಿ ಹೋಗಬೇಕು. ಗಾಯಗೊಂಡ ಆಮೆ ಕಂಡರೆ ನೀರಿಗೆ ತಳ್ಳದೆ, ನೆರಳು ಮಾಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇದು ಮೊದಲ ಅನುಸೂಚಿಯ ಪ್ರಾಣಿ, ಹುಲಿಯ ಸಾಲಿನದು.

ಡಾಲ್ಫಿನ್ ನೋಡಲು ದೋಣಿಯೇ ಬೇಕೆಂದಿಲ್ಲ. ಗಾಳಿ ಇಲ್ಲದ ಮುಂಜಾನೆ ಅಪ್ಸರಕೊಂಡದ ಮೇಲೆ ಕೂತು, ದುರ್ಬೀನಿನಿಂದ ನೀರನ್ನು ಎಡದಿಂದ ಬಲಕ್ಕೆ ನಿಧಾನ ಬಾಚುತ್ತಾ ಹೋದರೆ ಬೆನ್ನುಗಳು ಏಳುವುದು ಕಾಣಬಹುದು. ಬೆನ್ನ ಮೇಲೆ ಉಬ್ಬಿರುವ ಹಂಪ್‌ಬ್ಯಾಕ್ ಡಾಲ್ಫಿನ್ ದಂಡೆಗೆ ಹತ್ತಿರದಲ್ಲೇ, ಅಳಿವೆಗಳ ಎದುರಿಗೆ ಮೀನು ಹಿಡಿಯುತ್ತದೆ.

ದೋಣಿ ಹತ್ತುವಾಗ ಎಲ್ಲರಿಗೂ ಜೀವರಕ್ಷಕ ಕವಚ ಇದೆಯೇ, ಕೊಕ್ಕೆಗಳು ಕೂಡುತ್ತವೆಯೇ ಎಣಿಸಿ ನೋಡಿ. ತೊಡಿಸಿ ಮೇಲಕ್ಕೆ ಎಳೆದಾಗ ಗಲ್ಲ ದಾಟಿ ಬಂದರೆ ಅದು ಸಡಿಲ. ಒಂದು ಮಗುವಿಗೆ ದೊಡ್ಡವರ ಅಳತೆಯದನ್ನು ಕೊಟ್ಟರೆ ಹತ್ತಬೇಡಿ. ಹಿನ್ನೀರಿನೊಳಗೆ ಸಾಗಿ ಎಂದು ಹೇಳಿ, ಅಳಿವೆ ದಾಟಿ ಕಡಲಿಗೆ ಬೇಡ. ಫೋಟೋಕ್ಕೆ ಎಲ್ಲರೂ ಒಂದೇ ಬದಿಗೆ ಏಳಬಾರದು. ಡಾಲ್ಫಿನ್ ಕಂಡರೆ 50 ಮೀಟರ್ ದೂರದಲ್ಲಿ ಎಂಜಿನ್ ಆರಿಸಲು ಕೇಳಿಕೊಳ್ಳಿ, ಬೆನ್ನಟ್ಟಿದರೆ ಅದು ಮುಳುಗಿ ಹೋಗುತ್ತದೆ. ಕಡಲಿನಲ್ಲಿ ತೊಂದರೆಯಾದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ಆಂಬುಲೆನ್ಸ್ 108. ಈ ಸಂಖ್ಯೆಗಳನ್ನು ಘಟ್ಟ ಇಳಿಯುವ ಮುನ್ನವೇ ಮೊಬೈಲಿನಲ್ಲಿ ಹಾಕಿಕೊಳ್ಳಿ, ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ.

ಊರಿಗೆ ಮುಟ್ಟಿದ ಮರುದಿನವೇ ಗಾಡಿಯ ತಳಭಾಗ, ಚಕ್ರದ ಒಳಬದಿಯನ್ನು ಸಿಹಿನೀರಿನಿಂದ ತೊಳೆಸಿ. ಉಪ್ಪು ಕೂತ ಕಬ್ಬಿಣ ನಮ್ಮ ಒಣ ಹವೆಯಲ್ಲೂ ತುಕ್ಕು ಹಿಡಿಯುತ್ತದೆ. ದುರ್ಬೀನು, ಕ್ಯಾಮೆರಾದ ಗಾಜನ್ನು ಒಣ ಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಹರಳು ಗೀರುತ್ತದೆ. ಮೊದಲು ಧೂಳು ಊದಿ, ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒತ್ತಿ ತೆಗೆದು, ಆಮೇಲೆ ಒರೆಸಿ. ಚಪ್ಪಲಿಗಳನ್ನು ತೊಳೆದು ನೆರಳಲ್ಲಿ ಒಣಗಿಸಿ.